ಗಂಟೆಗೆ ಎಷ್ಟು?

ಹೆಣ್ಣು ಕೊಡುವ ಮನೆಯವರು ವರನ ಮನೆಗೆ ಬಂದಾಗ ಮೊದಲ ಲೋಟ ಕಾಫಿ ಬರಿದಾಗುವುದರೊಳಗೆ ಕೇಳುವ ಪ್ರಶ್ನೆ “ತಿಂಗಳಿಗೆ ಎಷ್ಟು ಬರುತ್ತದೆ?” ಎಂಬುದು. ವರನು ಬ್ಯಾಂಕಿನ ಗುಮಾಸ್ತನಾಗಿರಲಿ, ಕಾಲೇಜಿನ ಅಧ್ಯಾಪಕನಾಗಿರಲಿ, ವೈಟ್‌ಫೀಲ್ಡಿನ ಕಂಪೆನಿಯೊಂದರಲ್ಲಿ ತಂತ್ರಾಂಶ ಬರೆಯುವ ಎಂಜಿನಿಯರನಾಗಿರಲಿ, ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲನು. ಕೆಲಸಕ್ಕೆ ರಾಜೀನಾಮೆಯಿತ್ತು, ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಕುಳಿತು ಊರೂರಿನ ಗಿರಾಕಿಗಳಿಗೆ ಮೊಬೈಲ್ ಆ್ಯಪ್‌ಗಳನ್ನು ಕಟ್ಟಿಕೊಡುವ ತರುಣನಿಗೆ ಮಾತ್ರ ಈ ಪ್ರಶ್ನೆ ಬಂದೊಡನೆ ನಾಲಗೆ ತಡವರಿಸುತ್ತದೆ. ಅವನ ಪಾಲಿಗೆ ತಿಂಗಳೆಂಬುದಿಲ್ಲ, ಇರುವುದು ಗಂಟೆ. ಆ ಗಂಟೆಗೆ ಬೆಲೆ ಕಟ್ಟಬೇಕಾದವನೂ ಅವನೇ. ಹಾಗೆ ಕಟ್ಟುವಾಗ ಅವನು ಎಡವಿದನೆಂದರೆ ಅದರ ನೋವು ಅವನೊಬ್ಬನಿಗಷ್ಟೇ ತಟ್ಟುವುದಿಲ್ಲ. ಮನೆಸಾಲದ ಕಂತು, ಮಗುವಿನ ಶಾಲೆಯ ಶುಲ್ಕ, ತಾಯಿಯ ಔಷಧಿಯ ಚೀಟಿ ಎಲ್ಲವೂ ಆ ಒಂದು ಸಂಖ್ಯೆಗೆ ಜೋತುಬಿದ್ದಿರುತ್ತವೆ.

ಕಸುಬು ಹೊಸದು. ಆಪಲ್ ಸಂಸ್ಥೆಯು ತನ್ನ ಆ್ಯಪ್ ಅಂಗಡಿಯನ್ನು ತೆರೆದದ್ದು 2008ರ ಜುಲೈ ತಿಂಗಳಿನಲ್ಲಿ. ಆಗ ಅದರಲ್ಲಿದ್ದ ಸರಕು ಸುಮಾರು 500. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲಿನ ಆಂಡ್ರಾಯ್ಡ್ ಅಂಗಡಿಯೂ ಬಾಗಿಲು ತೆರೆಯಿತು. ಕೆಲಸ ಕೊಡುವವನನ್ನೂ ಮಾಡುವವನನ್ನೂ ಜೋಡಿಸುವ ಅಂತರ್ಜಾಲದ ಸಂತೆಗಳು ಅದಕ್ಕೆ ಮೊದಲೇ ಹುಟ್ಟಿಕೊಂಡಿದ್ದವು. 1990ರ ದಶಕದ ಕೊನೆಯಲ್ಲಿ ಬಂದ ಈಲ್ಯಾನ್ಸ್, 2003ರಲ್ಲಿ ಬಂದ ಓಡೆಸ್ಕ್, ಇವೆರಡೂ ಮುಂದೆ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರನ್ನು ತಳೆದವು. ಇಂಥ ಸ್ವತಂತ್ರ ಕೆಲಸಗಾರನಿಗೆ ಇಂಗ್ಲಿಷಿನಲ್ಲಿ ಫ್ರೀಲ್ಯಾನ್ಸ್ ಎಂಬ ಹೆಸರು. ಆ ಮಾತನ್ನು ಜನಪ್ರಿಯಗೊಳಿಸಿದವನು ಸರ್ ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಹೊರಬಂದ ‘ಐವನ್ ಹೋ’ ಕಾದಂಬರಿಯಲ್ಲಿ, ಯಾವ ಪ್ರಭುವಿಗೂ ಶಾಶ್ವತವಾಗಿ ಅಧೀನರಾಗದೆ ಹಣ ಕೊಟ್ಟವರ ಪರವಾಗಿ ಭರ್ಜಿ ಹಿಡಿಯುತ್ತಿದ್ದ ಯೋಧರಿಗೆ ಆ ಹೆಸರು ಬಂದಿದೆ. ಅಲ್ಲಿನ ‘ಫ್ರೀ’ ಎಂಬುದಕ್ಕೆ ಸ್ವತಂತ್ರ ಎಂಬುದೇ ಅರ್ಥ. ಪುಕ್ಕಟೆ ಎಂಬ ಅರ್ಥವನ್ನು ಅದಕ್ಕೆ ಅಂಟಿಸಿದವರು ನೆಂಟರಿಷ್ಟರು. ಆ ಮಾತು ಮುಂದೆ ಬರುತ್ತದೆ.

ನೌಕರಿ ಬಿಟ್ಟು ಬಂದ ತರುಣನು ಮೊದಲ ದಿನ ಮಾಡುವ ಲೆಕ್ಕ ಬಹುತೇಕ ಒಂದೇ ಬಗೆಯದು. ಅವನಿಗೆ ತಿಂಗಳಿಗೆ 1,00,000 ರೂಪಾಯಿ ವೇತನ ಬರುತ್ತಿತ್ತೆಂದು ಇಟ್ಟುಕೊಂಡರೆ, ತಿಂಗಳಿಗೆ ಇಪ್ಪತ್ತು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 160 ಗಂಟೆ ಎಂದು ಗುಣಿಸಿ, ಲಕ್ಷವನ್ನು ನೂರ ಅರವತ್ತರಿಂದ ಭಾಗಿಸುತ್ತಾನೆ. 625 ರೂಪಾಯಿ ಬರುತ್ತದೆ. “ಗಂಟೆಗೆ 625 ಕೇಳಿದರೆ ಹಳೆಯ ಸಂಬಳಕ್ಕೆ ಕೊರತೆಯಿಲ್ಲ, ಮೇಲೆ ಟ್ರಾಫಿಕ್ಕಿನ ಕಾಟವೂ ಇಲ್ಲ” ಎಂದು ಸಂತೋಷಪಡುತ್ತಾನೆ. ಭಾಗಾಕಾರದಲ್ಲಿ ಲೋಪವಿಲ್ಲ. ಆದರೆ ಭಾಗಿಸಿದ ಮೊತ್ತವೂ ಸರಿಯಾದದ್ದಲ್ಲ, ಭಾಗಿಸಿದ ಗಂಟೆಗಳೂ ಸರಿಯಾದವಲ್ಲ. ಎರಡೂ ಕಡೆಯಿಂದ ಅವನು ತನಗೆ ತಾನೇ ನಷ್ಟ ಮಾಡಿಕೊಂಡಿದ್ದಾನೆ.

ಇದನ್ನು ಮನಗಾಣಲು ದೂರ ಹೋಗಬೇಕಾಗಿಲ್ಲ. ಅವನು ಬಿಟ್ಟುಬಂದ ಕಂಪೆನಿಯ ವ್ಯವಹಾರವನ್ನೇ ನೋಡಬಹುದು. 1983ರಲ್ಲಿ ಇನ್ಫೋಸಿಸ್ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಾರ್ಯಾಗಾರ ತೆರೆಯಿತು. ಅಂದಿನಿಂದ ಈ ನಗರದಲ್ಲಿ ಬೆಳೆದ ತಂತ್ರಾಂಶ ಸೇವೆಯ ಕಂಪೆನಿಗಳು ಎಷ್ಟೋ ವರ್ಷಗಳ ಕಾಲ ಮಾರಿದ ಸರಕು ಎಂಜಿನಿಯರರ ಗಂಟೆಗಳೇ. ಎಂಜಿನಿಯರನ ಸಂಬಳದ ಚೀಟಿಯಲ್ಲಿ ಮಾತ್ರ ಆ ದರ ಎಂದೂ ಕಾಣಿಸಿಕೊಂಡದ್ದಿಲ್ಲ. ಪರದೇಶದ ಗಿರಾಕಿ ಕೊಟ್ಟ ಹಣದಲ್ಲಿ ಅವನ ಸಂಬಳಕ್ಕೆ ಒಂದು ಪಾಲು, ಕಟ್ಟಡಕ್ಕೆ, ಕಾವಲುಗಾರನಿಗೆ, ಗಿರಾಕಿಯನ್ನು ಹುಡುಕುವವನಿಗೆ, ಲೆಕ್ಕ ಬರೆಯುವವನಿಗೆ, ವಕೀಲನಿಗೆ ಮಿಕ್ಕ ಪಾಲು. ಇಷ್ಟೂ ಸಾಲದೆ ‘ಬೆಂಚು’ ಎಂಬುದೊಂದಿದೆ. ಕೈಯಲ್ಲಿ ಕೆಲಸವಿಲ್ಲದೆ ಮುಂದಿನ ಯೋಜನೆಗಾಗಿ ಕಾಯುವ ನೌಕರರಿಗೆ ಅಲ್ಲಿ ಆ ಹೆಸರು. ದೊಡ್ಡ ಕಂಪೆನಿಗಳಲ್ಲಿಯೂ ನೂರು ಮಂದಿಯಲ್ಲಿ ಎಂಬತ್ತು, ಎಂಬತ್ತೈದು ಮಂದಿಗೆ ಗಿರಾಕಿಯ ಕೆಲಸ ಸಿಕ್ಕಿದ್ದರೆ ಅದು ಸಮಾಧಾನದ ಕಾಲ. ಉಳಿದವರ ಸಂಬಳ ದುಡಿಯುತ್ತಿರುವವರ ಗಂಟೆಯ ದರದಲ್ಲಿಯೇ ಅಡಗಿರುತ್ತದೆ. ಸ್ವತಂತ್ರನಾದ ತರುಣನು ಒಬ್ಬನೇ ಎಂಜಿನಿಯರನು, ಮಾರಾಟದವನು, ಗುಮಾಸ್ತನು, ಕಾವಲುಗಾರನು. ಬೆಂಚಿನ ಮೇಲೆ ಕುಳಿತುಕೊಳ್ಳುವವನೂ ಅವನೇ.

ಆದುದರಿಂದ ಮೊದಲು ಗಂಟೆಗಳನ್ನು ಸರಿಯಾಗಿ ಎಣಿಸಬೇಕು. ವರ್ಷಕ್ಕೆ 365 ದಿನ. ಶನಿವಾರ ಭಾನುವಾರಗಳು 104, ಉಳಿದದ್ದು 261. ಯುಗಾದಿ, ಗಣೇಶನ ಹಬ್ಬ, ದಸರೆ, ದೀಪಾವಳಿ ಎಂದು ಹತ್ತು ದಿನ, ವಿಶ್ರಾಂತಿಗೆಂದು ಹದಿನೈದು ದಿನ, ಜ್ವರ, ತಂಗಿಯ ಮದುವೆ, ಊರಿನ ಶ್ರಾದ್ಧ ಎಂದು ಇನ್ನೊಂದು ಹತ್ತು ದಿನ ಕಳೆದರೆ 226 ದಿನ. ದಿನಕ್ಕೆ ಎಂಟರಂತೆ 1,808 ಗಂಟೆ. ಇಷ್ಟು ಗಂಟೆಗಳಿಗೂ ಗಿರಾಕಿ ಹಣ ಕೊಡುವನೇ? ಕೊಡಲಾರನು. ಹೊಸ ಗಿರಾಕಿಗೆ ಪತ್ರ ಬರೆಯುವುದು, ಕೆಲಸದ ಅಂದಾಜನ್ನು ಸಿದ್ಧಪಡಿಸುವುದು, ಅದನ್ನು ಕೊಟ್ಟ ಮೇಲೆ “ಈಗ ಬೇಡ, ಮುಂದಿನ ತಿಂಗಳು ನೋಡೋಣ” ಎಂಬ ಉತ್ತರ ಕೇಳುವುದು, ಬಿಲ್ಲು ಬರೆಯುವುದು, ಬಾಕಿ ಕೇಳುವುದು, ವರ್ಷಕ್ಕೊಮ್ಮೆ ಹೊಸದಾಗುವ ಉಪಕರಣಗಳನ್ನು ಕಲಿಯುವುದು, ಒಂದು ಕೆಲಸ ಮುಗಿದು ಮತ್ತೊಂದು ಬರುವವರೆಗೆ ಕಾಯುವುದು, ಇವುಗಳಿಗೆಲ್ಲ ಐದರಲ್ಲಿ ಎರಡು ಪಾಲು ಹೋಗುತ್ತದೆಂದು ಹಿಡಿಯುವುದೇ ಒಬ್ಬೊಂಟಿಗನಿಗೆ ಕ್ಷೇಮ. ದುಂಡಗೆ 1,080 ಗಂಟೆ ಉಳಿಯಿತು. ಆಟೋರಿಕ್ಷಾದವನು ಪ್ರಯಾಣಿಕನನ್ನು ಇಳಿಸಿ ಖಾಲಿ ಗಾಡಿ ಓಡಿಸಿಕೊಂಡು ಹಿಂತಿರುಗುವ ದಾರಿಗೂ ಪೆಟ್ರೋಲು ಬೇಕು. ಆ ದಾರಿಯ ಖರ್ಚು ಹೋಗುವ ದಾರಿಯ ದರದಲ್ಲಿ ಸೇರಿರದಿದ್ದರೆ ಅವನ ಗಾಡಿ ಬಹುದಿನ ಓಡದು.

ಇನ್ನು ಮೊತ್ತದ ಮಾತು. ಸಂಬಳದ ಜೊತೆಗೆ ಕಂಪೆನಿ ಸದ್ದಿಲ್ಲದೆ ಕೊಡುತ್ತಿದ್ದುದನ್ನೆಲ್ಲ ಇನ್ನು ಅವನೇ ಕೊಂಡುಕೊಳ್ಳಬೇಕು. ಸಂಬಳದ ಅರ್ಧವು ಮೂಲವೇತನವೆಂದು ಹಿಡಿದರೆ ಅದರ ಮೇಲೆ ನೂರಕ್ಕೆ 12ರಂತೆ ಮಾಲೀಕನು ಕಟ್ಟುತ್ತಿದ್ದ ಭವಿಷ್ಯನಿಧಿ ವರ್ಷಕ್ಕೆ 72,000. ವರ್ಷವೊಂದಕ್ಕೆ ಹದಿನೈದು ದಿನದ ವೇತನದಂತೆ ಬೆಳೆಯುತ್ತಿದ್ದ ಗ್ರಾಚುಯಿಟಿ ಸುಮಾರು 29,000. ಹೆಂಡತಿ, ಮಗು, ತಾಯಿತಂದೆ ಸೇರಿದ ವೈದ್ಯಕೀಯ ವಿಮೆಗೆ, ತಾಯಿತಂದೆಯರ ವಯಸ್ಸು ಹೆಚ್ಚಿಲ್ಲದಿದ್ದರೆ, 40,000 ಎನ್ನಬಹುದು. ಐಫೋನಿನ ಆ್ಯಪ್ ಕಟ್ಟಲು ಆಪಲಿನ ಮ್ಯಾಕ್ ಯಂತ್ರವೇ ಆಗಬೇಕು. ಒಂದೂವರೆ ಲಕ್ಷದ ಯಂತ್ರ ಮೂರು ವರ್ಷ ಬಾಳಿದರೆ ವರ್ಷಕ್ಕೆ 50,000. ಪರೀಕ್ಷೆಗೆ ಒಂದು ಐಫೋನ್, ಅಗ್ಗದ್ದೊಂದು ದುಬಾರಿಯದೊಂದು ಆಂಡ್ರಾಯ್ಡ್ ಫೋನ್, ಅವಕ್ಕೂ ಅದೇ ಲೆಕ್ಕದಲ್ಲಿ 40,000. ವಿದ್ಯುತ್ತು, ಅಂತರ್ಜಾಲ, ಕರೆಂಟು ಹೋದಾಗ ಕೈ ಹಿಡಿಯುವ ಬ್ಯಾಟರಿ ತಿಂಗಳಿಗೆ 3,000ದಂತೆ 36,000. ಆಪಲಿಗೆ ವರ್ಷವರ್ಷವೂ ಕಟ್ಟುವ 99 ಡಾಲರೂ ಸೇರಿದಂತೆ ನಾನಾ ಉಪಕರಣಗಳ ಚಂದಾ 49,000. ಲೆಕ್ಕಪರಿಶೋಧಕನಿಗೆ 25,000. ಎಲ್ಲ ಸೇರಿ 3,41,000. ಹಳೆಯ ಸಂಬಳದ 12 ಲಕ್ಷಕ್ಕೆ ಇದನ್ನು ಕೂಡಿಸಿದರೆ 15,41,000. ಆದಾಯ ತೆರಿಗೆಯನ್ನು ಇಲ್ಲಿ ಹಿಡಿದಿಲ್ಲ.

ಹದಿನೈದು ಲಕ್ಷದ ನಲವತ್ತೊಂದು ಸಾವಿರವನ್ನು 1,080 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 1,427 ರೂಪಾಯಿ. ಸಂತೆಯ ಸುಂಕ ಇದಕ್ಕೆ ಹೊರತು. ಅಪ್‌ವರ್ಕ್ 2016ರಿಂದ ಕೆಲಸಗಾರನ ಗಳಿಕೆಯಲ್ಲಿ ಪ್ರತಿ ಗಿರಾಕಿಯ ಮೊದಲ 500 ಡಾಲರಿಗೆ ನೂರಕ್ಕೆ 20ರಂತೆ, ಮುಂದಕ್ಕೆ ಕಡಿಮೆಯಾಗುತ್ತ, ಕಳೆದುಕೊಳ್ಳುತ್ತಿತ್ತು. 2023ರಲ್ಲಿ ಎಲ್ಲಕ್ಕೂ ನೂರಕ್ಕೆ 10 ಎಂದಾಯಿತು. 2025ರಲ್ಲಿ ಕೆಲಸವನ್ನು ನೋಡಿ ಸೊನ್ನೆಯಿಂದ 15ರವರೆಗೆ ಎಂದು ಮತ್ತೆ ಬದಲಾಯಿತು. ಫೈವರ್ ಎಂಬ ಇನ್ನೊಂದು ಸಂತೆಯಲ್ಲಿ ನೂರಕ್ಕೆ 20. ಹತ್ತು ಎಂದು ಹಿಡಿದು, ಬಾರದೆ ಹೋಗುವ ಬಾಕಿಗೆಂದು ಇನ್ನೊಂದು ಐದನ್ನು ಬಿಟ್ಟರೆ, ಗಂಟೆಯ ದರ 1,670ರ ಸಮೀಪಕ್ಕೆ ಬರುತ್ತದೆ. ದುಂಡಗೆ 1,700 ಎನ್ನಬಹುದು. ಮೊದಲ ದಿನದ 625 ಎಲ್ಲಿ, ಇದೆಲ್ಲಿ!

ಆ 625ನ್ನೇ ಹಿಡಿದು ವರ್ಷ ಕಳೆದವನ ಗತಿಯನ್ನೂ ನೋಡಿಬಿಡಬೇಕು. 1,080 ಗಂಟೆಗೆ 6,75,000. ಸುಂಕ ಕಳೆದು 6,07,500. ಭವಿಷ್ಯನಿಧಿ, ಗ್ರಾಚುಯಿಟಿಗಳನ್ನು ಮರೆತೇಬಿಟ್ಟನೆಂದರೂ, ವಿಮೆ ಯಂತ್ರ ಮೊದಲಾದ ತಪ್ಪದ ಖರ್ಚು 2,40,000. ಉಳಿದದ್ದು 3,67,500, ತಿಂಗಳಿಗೆ 30,625 ರೂಪಾಯಿ. ಲಕ್ಷದ ಸಂಬಳ ಬಿಟ್ಟು ಬಂದವನು ಮೂವತ್ತು ಸಾವಿರಕ್ಕೆ ಇಳಿದಿದ್ದಾನೆ, ಅದೂ ಒಂದು ದಿನವೂ ಸೋಮಾರಿಯಾಗದೆ. ಇಂಥ ಮನೆಗಳಲ್ಲಿ ಆರನೆಯ ತಿಂಗಳಿಗೆ ಉಳಿತಾಯದ ಖಾತೆ ಕರಗತೊಡಗುತ್ತದೆ. ಎಂಟನೆಯ ತಿಂಗಳಿಗೆ ತಂದೆ ಮೌನವಾಗುತ್ತಾರೆ. ವರ್ಷ ತುಂಬುವುದರೊಳಗೆ “ಸ್ವತಂತ್ರ ಕಸುಬು ನಮ್ಮಂಥವರಿಗಲ್ಲ” ಎಂಬ ತೀರ್ಮಾನವಾಗಿ ಅವನು ಮತ್ತೆ ನೌಕರಿ ಹುಡುಕುತ್ತಾನೆ. ಕಸುಬಿನಲ್ಲಿ ಅವನು ಸೋತಿದ್ದನೇ? ಆ್ಯಪ್‌ಗಳು ಚೆನ್ನಾಗಿಯೇ ಓಡುತ್ತಿರುತ್ತವೆ. ಅವನನ್ನು ಕೆಡವಿದ್ದು ಮೊದಲ ದಿನದ ಭಾಗಾಕಾರ.

“ಅಷ್ಟು ಕೇಳಿದರೆ ಕೊಡುವವರು ಯಾರು?” ಎಂಬುದು ಮುಂದಿನ ಪ್ರಶ್ನೆ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿಯೆಂದು ಹಿಡಿದರೆ 1,700 ಎಂಬುದು ಹತ್ತೊಂಬತ್ತು ಡಾಲರಾಗುತ್ತದೆ. 625 ಎಂಬುದು ಏಳು ಡಾಲರಿಗೂ ತುಸು ಕಡಿಮೆ. ಅಮೆರಿಕದ ಒಕ್ಕೂಟ ಸರ್ಕಾರವು 2009ರಲ್ಲಿ ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 7 ಡಾಲರು 25 ಸೆಂಟು. ಹತ್ತು ವರ್ಷದ ಅನುಭವವುಳ್ಳ ಎಂಜಿನಿಯರನು ಅಲ್ಲಿ ತಟ್ಟೆ ತೊಳೆಯುವವನ ಕನಿಷ್ಠ ಕೂಲಿಗಿಂತಲೂ ಕೆಳಗಿನ ದರವನ್ನು ಬರೆದು ಕಳುಹಿಸಿದರೆ, ವಿವೇಕಿಯಾದ ಗಿರಾಕಿಗೆ ಅದು ವಿನಯವೆಂದು ತೋರುವುದಿಲ್ಲ. ಸರಕಿನಲ್ಲಿಯೇ ಏನೋ ಐಬಿದೆಯೆಂದು ಅನುಮಾನ ಬರುತ್ತದೆ. ಆ ಬೆಲೆಗೆ ಮುಗಿಬೀಳುವ ಗಿರಾಕಿಯೋ, ಮುಂದಿನ ವಾರ ಆರು ಡಾಲರಿನವನು ಸಿಕ್ಕಿದರೆ ಅವನ ಕಡೆಗೆ ಹೋಗುವವನು.

ಬಸವನಗುಡಿಯ ಬಟ್ಟೆಯಂಗಡಿಯ ಯಜಮಾನರಿಗೆ ಗಂಟೆಗೆ 1,700 ಎಂದರೆ ಎದೆ ಧಸಕ್ಕೆನ್ನುತ್ತದೆ ಎಂಬುದೂ ನಿಜ. ಇಲ್ಲಿ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ಕೆಳಗಿನ ಮಿತಿ. ಅದಕ್ಕಿಂತ ಇಳಿದರೆ ಮನೆ ನಡೆಯದು. ಅದು ಕೆಲಸಗಾರನ ಸ್ವಂತ ಡೈರಿಯಲ್ಲಿರಬೇಕಾದದ್ದು, ಗಿರಾಕಿಗೆ ತೋರಿಸುವಂಥದಲ್ಲ. ಎರಡನೆಯದು ಪೇಟೆಯ ದರ. ಅದೇ ಕೆಲಸಕ್ಕೆ ಅದೇ ಅನುಭವದವರು ಏನು ಪಡೆಯುತ್ತಿದ್ದಾರೆಂಬುದನ್ನು ಕೇಳಿ ತಿಳಿಯಬೇಕು. ಪೇಟೆಯ ದರ ಮಿತಿಗಿಂತ ಮೇಲಿದ್ದರೆ ಪೇಟೆಯ ದರವನ್ನೇ ಕೇಳುವುದು ನ್ಯಾಯ. ತನ್ನ ಮಿತಿಯನ್ನೇ ಕೇಳಿ ಔದಾರ್ಯ ತೋರಬೇಕಾದ ಅಗತ್ಯವಿಲ್ಲ. ಪೇಟೆಯ ದರ ಮಿತಿಗಿಂತ ಕೆಳಗಿದ್ದರೆ ಆ ಪೇಟೆಯನ್ನೇ ಬಿಡಬೇಕು, ಇಲ್ಲವೇ ಖರ್ಚನ್ನು ತಗ್ಗಿಸಬೇಕು. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಸ್ವಂತ ಮನೆಯಲ್ಲಿ ಕುಳಿತು ಬೆಂಗಳೂರಿನ ದರಕ್ಕೆ ದುಡಿಯುವವನು ಇದೇ ಉಪಾಯವನ್ನು ಮಾಡಿರುವವನು.

ಸ್ವದೇಶದ ಗಿರಾಕಿಯೊಡನೆ ಇನ್ನೊಂದು ಎಚ್ಚರ ಬೇಕು. 1,700ರಂತೆ 1,080 ಗಂಟೆಗೆ 18,36,000 ರೂಪಾಯಿಯಾಗುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷವನ್ನು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ; ನೂರಕ್ಕೆ 18ರಂತೆ ತೆರಿಗೆಯನ್ನು ವಸೂಲು ಮಾಡಿ ಕಟ್ಟಬೇಕು. ಪರದೇಶಕ್ಕೆ ಮಾರಿದ ಸೇವೆಗೆ ವಿಧಿಗಳನ್ನು ಪಾಲಿಸಿದರೆ ಶೂನ್ಯ ದರ. ನೋಂದಣಿಯಾದ ಮೇಲೂ “ಎಲ್ಲ ಸೇರಿ 1,700” ಎಂದು ಇಲ್ಲಿನ ಗಿರಾಕಿಗೆ ಮಾತು ಕೊಟ್ಟವನು ಗಂಟೆಗೆ 259 ರೂಪಾಯಿಯನ್ನು ತನ್ನ ಕಿಸೆಯಿಂದ ಕಟ್ಟಿದಂತಾಯಿತು. “ತೆರಿಗೆ ಪ್ರತ್ಯೇಕ” ಎಂಬ ಎರಡು ಮಾತುಗಳನ್ನು ಬರೆಯಲು ಸಂಕೋಚಪಟ್ಟ ಫಲ ಅದು.

ಮೊಬೈಲ್ ಆ್ಯಪ್‌ನ ಕೆಲಸಕ್ಕೇ ವಿಶಿಷ್ಟವಾದ ಕೆಲವು ಕಾಲಭಕ್ಷಕಗಳಿವೆ. ಗಿರಾಕಿಗೆ ಕಾಣುವುದು ಪರದೆಯ ಮೇಲಿನ ನಾಲ್ಕು ಗುಂಡಿಗಳು. ಆ ಗುಂಡಿಗಳು ಆರು ಸಾವಿರ ರೂಪಾಯಿಯ ಫೋನಿನಲ್ಲಿಯೂ ಲಕ್ಷದ ಫೋನಿನಲ್ಲಿಯೂ, ಜಾಲ ಸಿಕ್ಕಿದಾಗಲೂ ಲಿಫ್ಟಿನೊಳಗೆ ಅದು ತಪ್ಪಿದಾಗಲೂ ಸರಿಯಾಗಿ ನಡೆಯುವಂತೆ ಮಾಡುವುದರಲ್ಲಿ ಮುಕ್ಕಾಲು ಕಾಲ ಹೋಗುತ್ತದೆ. ಎಲ್ಲ ಮುಗಿಯಿತೆಂದ ಮೇಲೆ ಆಪಲಿನ ಪರೀಕ್ಷಕರು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಕಾರಣ ಬರೆದು ಹಿಂತಿರುಗಿಸುವರು. ಗೂಗಲಿನ ಅಂಗಡಿಯಲ್ಲಿ 2023ರ ನವೆಂಬರಿನಿಂದೀಚೆಗೆ ಖಾಸಗಿ ವ್ಯಕ್ತಿಯ ಹೆಸರಿನಲ್ಲಿ ಹೊಸ ಖಾತೆ ತೆರೆದವರು ಮೊದಲು ಪರೀಕ್ಷಕರನ್ನು ಕೂಡಿಸಿ ಸತತವಾಗಿ ಹದಿನಾಲ್ಕು ದಿನ ಆ್ಯಪ್ ಬಳಸಿ ತೋರಿಸಬೇಕು. ಇಪ್ಪತ್ತು ಮಂದಿ ಬೇಕೆಂದಿದ್ದುದು 2024ರ ಡಿಸೆಂಬರಿನಲ್ಲಿ ಹನ್ನೆರಡಕ್ಕೆ ಇಳಿಯಿತು. ಈ ಹನ್ನೆರಡು ಮಂದಿಯನ್ನು ಹುಡುಕುವವರು ಯಾರು, ಆ ಗಂಟೆಗಳಿಗೆ ಹಣವುಂಟೇ ಇಲ್ಲವೇ ಎಂಬುದನ್ನು ಕರಾರಿನಲ್ಲಿ ಬರೆಯದೆ ಬಿಟ್ಟವರು ಅನೇಕರು.

ಆ್ಯಪ್ ಎಂಬುದು ಒಮ್ಮೆ ಕಟ್ಟಿದರೆ ತಲೆಮಾರು ನಿಲ್ಲುವ ಕಲ್ಲಿನ ಮನೆಯೆಂದು ಗಿರಾಕಿ ತಿಳಿದಿರುತ್ತಾನೆ. ನಿಜವಾಗಿ ಅದು ಮಲೆನಾಡಿನ ಹೆಂಚಿನ ಮನೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡನ್ನು ಹತ್ತಿ ಹೆಂಚು ಕೈಯಾಡಿಸದಿದ್ದರೆ ಸೋರತೊಡಗುತ್ತದೆ. ಪ್ರತಿವರ್ಷವೂ ಸೆಪ್ಟೆಂಬರಿನ ಹೊತ್ತಿಗೆ ಐಫೋನಿನ ಹೊಸ ವ್ಯವಸ್ಥೆ ಬರುತ್ತದೆ. ಆಂಡ್ರಾಯ್ಡಿನ ಹೊಸ ಆವೃತ್ತಿಗೆ ತಕ್ಕಂತೆ ಆ್ಯಪನ್ನು ಸರಿಪಡಿಸಬೇಕೆಂದು ಗೂಗಲ್ ವರ್ಷವರ್ಷವೂ ಗಡುವು ವಿಧಿಸುತ್ತದೆ. ಈ ದುರಸ್ತಿಯನ್ನು ಸ್ನೇಹದ ಮೇಲೆ ಮಾಡಿಕೊಡುತ್ತ ಹೋದವನ ಬಳಿ ನಾಲ್ಕನೆಯ ವರ್ಷಕ್ಕೆ ಹತ್ತು ಹಳೆಯ ಆ್ಯಪ್‌ಗಳಿರುತ್ತವೆ. ಹೊಸ ಕೆಲಸಕ್ಕೆ ಬಿಡುವಿರುವುದಿಲ್ಲ. ತಿಂಗಳಿಗೆ ಇಂತಿಷ್ಟು ಗಂಟೆಯೆಂದು ಗೊತ್ತುಮಾಡಿ, ಮುಂಗಡವಾಗಿಯೇ ಹಣ ಪಡೆಯುವ ದುರಸ್ತಿ ಕರಾರು ಇಂಥವನಿಗೆ ಸಂಬಳಕ್ಕೆ ಅತಿ ಸಮೀಪವಾದ ವಸ್ತು.

ಎಲ್ಲ ಕೆಲಸಕ್ಕೂ ಗಂಟೆಯ ಲೆಕ್ಕವೇ ಒಳ್ಳೆಯದೆಂದು ಹೇಳುವಂತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ನೋಡಬಹುದು. ಹೊಸಬನಿಗೆ ಮೂರು ದಿನ ಹಿಡಿಯುವ ದೋಷವನ್ನು ಅನುಭವಿ ಇಪ್ಪತ್ತು ನಿಮಿಷದಲ್ಲಿ ಹಿಡಿಯುತ್ತಾನೆ. ಆ ಇಪ್ಪತ್ತು ನಿಮಿಷದ ಹಿಂದೆ ಹತ್ತು ವರುಷವಿದೆ. ಗಂಟೆಯ ದರ ಇಬ್ಬರಿಗೂ ಒಂದೇ ಆದರೆ ಜಾಣನಿಗೆ ದಂಡ, ದಡ್ಡನಿಗೆ ಬಹುಮಾನ. 2022ರ ನಂತರ ಈ ವಿಷಮತೆ ಇನ್ನಷ್ಟು ತೀವ್ರವಾಗಿದೆ. ಆ ವರ್ಷದ ಜೂನಿನಲ್ಲಿ ಗಿಟ್‌ಹಬ್ ಕೋಪೈಲಟ್ ಎಲ್ಲರ ಬಳಕೆಗೆ ಬಂದಿತು, ನವೆಂಬರಿನಲ್ಲಿ ಚಾಟ್ ಜಿಪಿಟಿ ಬಂದಿತು. ಲಾಗಿನ್ ಪುಟವೊಂದನ್ನು ಬರೆಯಲು ಮೊದಲು ಅರ್ಧ ದಿನ ಬೇಕಾಗಿದ್ದರೆ ಈಗ ಯಂತ್ರವು ಕ್ಷಣದಲ್ಲಿ ಕರಡು ಒಪ್ಪಿಸುತ್ತದೆ. “ಹಾಗಾದರೆ ದರ ಇಳಿಸಿ” ಎನ್ನುವ ಗಿರಾಕಿಗೆ ಹೇಳಬೇಕಾದ ಉತ್ತರವಿಷ್ಟೆ: ಯಂತ್ರ ಬರೆದುದರಲ್ಲಿ ಯಾವ ಸಾಲು ನಾಳೆ ಗ್ರಾಹಕನ ಹಣವನ್ನು ತಪ್ಪು ಖಾತೆಗೆ ಹಾಕೀತೆಂಬುದನ್ನು ಓದಿ ಹೇಳಬಲ್ಲವನ ಗಂಟೆ ಅಗ್ಗವಾಗಿಲ್ಲ. ಗಂಟೆಗಳು ಕಡಿಮೆಯಾಗಬಹುದು, ಉಳಿದ ಗಂಟೆಗಳ ಹೊಣೆ ಹೆಚ್ಚಾಗಿದೆ.

ಆದುದರಿಂದ ಅನುಭವಿಗಳು ಕೆಲಸದ ಸ್ವರೂಪವನ್ನು ನೋಡಿ ಪದ್ಧತಿಯನ್ನು ಆರಿಸುವರು. ಹಿಂದೆ ನಾಲ್ಕು ಬಾರಿ ಮಾಡಿದ ಕೆಲಸಕ್ಕೆ ಒಟ್ಟು ಮೊತ್ತವೇ ಲಾಭ. ಏನು ಬೇಕೆಂಬುದು ಗಿರಾಕಿಗೇ ತಿಳಿಯದ ಕೆಲಸಕ್ಕೆ, ಬೇರೊಬ್ಬನು ಅರ್ಧಕ್ಕೆ ಬಿಟ್ಟುಹೋದ ಆ್ಯಪ್‌ಗೆ ಗಂಟೆಯ ದರವೇ ರಕ್ಷೆ. ಒಟ್ಟು ಮೊತ್ತ ಹೇಳುವಾಗಲೂ ಒಳಗಿನ ಲೆಕ್ಕ ಗಂಟೆಯದೇ. ಅರವತ್ತು ಗಂಟೆಯೆಂದು ಅಂದಾಜು ಮಾಡಿ 1,02,000 ರೂಪಾಯಿಗೆ ಒಪ್ಪಿದ ಕೆಲಸ ತೊಂಬತ್ತು ಗಂಟೆ ಹಿಡಿದರೆ 1,700ರ ದರ 1,133ಕ್ಕೆ ಇಳಿದಿರುತ್ತದೆ. ತಂತ್ರಾಂಶದಲ್ಲಿ ಅಂದಾಜು ಮೀರುವುದು ಅಪರೂಪದ ವಿಪತ್ತೇನಲ್ಲ, ದಿನನಿತ್ಯದ ಹವಾಮಾನ.

ಗಂಟೆಯ ಲೆಕ್ಕಕ್ಕೆ ಇನ್ನೊಂದು ಬೆಲೆಯುಂಟು. ಅಪ್‌ವರ್ಕಿನಲ್ಲಿ ಗಂಟೆಯ ಕೂಲಿಗೆ ರಕ್ಷಣೆ ಬೇಕೆನ್ನುವವನು ತನ್ನ ಯಂತ್ರದಲ್ಲಿ ಅವರ ಕಾಲಮಾಪಕವನ್ನು ಓಡಿಸಬೇಕು. ಅದು ಹತ್ತು ಹತ್ತು ನಿಮಿಷಕ್ಕೊಂದರಂತೆ ಪರದೆಯ ಚಿತ್ರವನ್ನು ತೆಗೆದು ಗಿರಾಕಿಗೆ ಒಪ್ಪಿಸುತ್ತದೆ. ಮೇಲ್ವಿಚಾರಕನ ಕಣ್ಣು ತಪ್ಪಿಸಿಕೊಳ್ಳಲೆಂದು ನೌಕರಿ ಬಿಟ್ಟವನಿಗೆ ಇದು ವಿನೋದವೋ ವಿಷಾದವೋ! ಕಾಗದದ ಮೇಲೆ ಪೆನ್ಸಿಲು ಹಿಡಿದು ಯೋಚಿಸಿದ ಅರ್ಧ ಗಂಟೆ ಆ ಚಿತ್ರಗಳಲ್ಲಿ ಮೂಡುವುದಿಲ್ಲ.

ಮನೆಯವರ ಪಾತ್ರವೂ ಈ ಲೆಕ್ಕದಲ್ಲಿ ಇಲ್ಲದಿಲ್ಲ. “ಮನೆಯಲ್ಲೇ ಇದ್ದೀಯಲ್ಲ, ಗ್ಯಾಸಿನವನು ಬಂದರೆ ನೋಡಿಕೋ”, “ಮನೆಯಲ್ಲೇ ಇದ್ದೀಯಲ್ಲ, ಅತ್ತೆಯನ್ನು ಮೆಜೆಸ್ಟಿಕ್ಕಿನಿಂದ ಕರೆದುಕೊಂಡು ಬಾ” ಎಂಬ ಮಾತುಗಳಲ್ಲಿ ದ್ವೇಷವೇನೂ ಇಲ್ಲ. ಆದರೆ ಮೆಜೆಸ್ಟಿಕ್ಕಿಗೆ ಹೋಗಿ ಬರುವ ಎರಡು ಗಂಟೆಗೆ 3,400 ರೂಪಾಯಿ ಎಂದು ಯಾರೂ ಎಣಿಸುವುದಿಲ್ಲ. ದೂರದ ನೆಂಟರೊಬ್ಬರು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತ, “ನಮ್ಮ ಅಂಗಡಿಗೂ ಒಂದು ಆ್ಯಪ್ ಮಾಡಿಕೊಡಪ್ಪ, ನಿನಗೇನು, ಒಂದು ಸಂಜೆಯ ಕೆಲಸ” ಎನ್ನುವುದುಂಟು. ಅವರೇ ತಮ್ಮ ಅಂಗಡಿಯ ಒಂದು ರೇಷ್ಮೆ ಸೀರೆಯನ್ನು ಹಾಗೆ ಕೊಟ್ಟಾರೆಯೇ? ಮಾಡಿಕೊಡಬೇಕೆನಿಸಿದರೆ ಮಾಡಿಕೊಡಲಿ, ಆದರೆ ಪೂರ್ಣ ದರದ ಬಿಲ್ಲನ್ನು ಬರೆದು ಅದರ ಕೆಳಗೆ ‘ರಿಯಾಯಿತಿ ನೂರಕ್ಕೆ ನೂರು’ ಎಂದು ಕಾಣಿಸಲಿ. ಉಡುಗೊರೆಯ ಬೆಲೆ ಕೊಟ್ಟವನಿಗೂ ಪಡೆದವನಿಗೂ ತಿಳಿದಿದ್ದರೆ ಎರಡನೆಯ ಆ್ಯಪ್ ಕೇಳುವಾಗ ನಾಲಗೆ ಸ್ವಲ್ಪ ತಡೆದೀತು.

ಮಗುವಿಗೆ ನಾಲ್ಕೈದು ವರ್ಷವಾದ ಮೇಲೆ ಮತ್ತೆ ಕಸುಬಿಗೆ ಮರಳುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಗ್ಗದ ದರ ಇನ್ನೂ ಸುಲಭವಾಗಿ ನುಸುಳುತ್ತದೆ. “ನಡುವೆ ಬಿಟ್ಟಿದ್ದೆನಲ್ಲ” ಎಂಬ ಅಳುಕಿನಿಂದ ಅವರು ತಾವಾಗಿಯೇ ಅರ್ಧ ದರ ಕೇಳುವರು. ಬಿಟ್ಟ ವರ್ಷಗಳಲ್ಲಿ ಬಂದ ಹೊಸತನ್ನು ಕಲಿಯುವುದು ಕೆಲವು ತಿಂಗಳ ಮಾತು. ಅರ್ಧ ದರದ ಗಿರಾಕಿಯನ್ನು ಪೂರ್ಣ ದರಕ್ಕೆ ತರುವುದು ಅದಕ್ಕಿಂತ ಕಷ್ಟ. ಕಡಿಮೆ ಗಂಟೆ ದುಡಿಯುವ ಗೃಹಿಣಿಗೆ ಯಂತ್ರದ ಖರ್ಚು, ವಿಮೆಯ ಖರ್ಚು ಕಡಿಮೆಯಾಗುವುದಿಲ್ಲವಾದ್ದರಿಂದ ಅವಳ ಗಂಟೆಯ ಮಿತಿ ಮೇಲಕ್ಕೇ ಹೋಗಬೇಕು. ಈ ಮಾತನ್ನು ಒಪ್ಪುವ ಗಂಡಂದಿರು ಇದ್ದಾರೆ. ಲೆಕ್ಕ ಬರೆದು ತೋರಿಸಿದರೆ ಇನ್ನೂ ಕೆಲವರು ಒಪ್ಪಿಯಾರು.

ದರ ಗೊತ್ತಾದೊಡನೆ ಹಣ ಬಂದಂತಾಗಲಿಲ್ಲ. ಮೂರರಲ್ಲೊಂದು ಪಾಲು ಮುಂಗಡ ಪಡೆದ ಮೇಲೆಯೇ ಮೊದಲ ಸಾಲು ಬರೆಯುವುದು, ಉಳಿದದ್ದನ್ನು ಹಂತಹಂತವಾಗಿ ಪಡೆಯುವುದು, ಪೂರ್ತಿ ಹಣ ಸಂದ ಮೇಲೆ ಮೂಲಸಂಕೇತವನ್ನು ಒಪ್ಪಿಸುವುದು ರೂಢಿಯಾಗಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಶಾಸನವು ಒಂದು ಆಸರೆಯನ್ನು ಕೊಟ್ಟಿದೆ. ಸರಕನ್ನೋ ಸೇವೆಯನ್ನೋ ಒಪ್ಪಿಕೊಂಡ ಖರೀದಿದಾರನು ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತುವವರು ಕಡಿಮೆ. ಆದರೆ ಬಿಲ್ಲಿನ ಕೆಳಗೆ ನೋಂದಣಿಯ ಸಂಖ್ಯೆಯನ್ನೂ ಈ ಶಾಸನದ ಹೆಸರನ್ನೂ ಅಚ್ಚುಮಾಡಿಸಿದ್ದರೆ ಬಾಕಿ ಕೇಳುವವನ ಧ್ವನಿಗೆ ತುಸು ಬಲ ಬರುತ್ತದೆ.

ಒಮ್ಮೆ ಗೊತ್ತುಮಾಡಿದ ದರ ಎಂದೆಂದಿಗೂ ಅದೇ ಆಗಿರಬೇಕಾಗಿಲ್ಲ. ಸಂಬಳದವನಿಗೆ ವರ್ಷಕ್ಕೊಮ್ಮೆ ಏರಿಕೆ ಸಿಗುತ್ತದೆ. ಇವನಿಗೆ ಏರಿಕೆಯ ಪತ್ರವನ್ನು ಬರೆದುಕೊಳ್ಳುವವನೂ ಇವನೇ. ಹೊಸ ಗಿರಾಕಿಗೆ ಹೊಸ ದರವನ್ನು ಕೂಡಲೇ ಹೇಳಬಹುದು. ಹಳೆಯ ಗಿರಾಕಿಗೆ ಏಪ್ರಿಲ್ 1ರಿಂದ ಜಾರಿಗೆ ಬರುವ ದರವನ್ನು ಜನವರಿಯಲ್ಲಿಯೇ ನಾಲ್ಕು ಸಾಲಿನಲ್ಲಿ ತಿಳಿಸಿದರೆ ಅವನು ತನ್ನ ಆಯವ್ಯಯದಲ್ಲಿ ಅದನ್ನು ಸೇರಿಸಿಕೊಳ್ಳುತ್ತಾನೆ. ಮಾರ್ಚ್ 31ರ ರಾತ್ರಿ ತಿಳಿಸಿದರೆ ಜಗಳಕ್ಕೆ ಬರುತ್ತಾನೆ. ಪತ್ರದಲ್ಲಿ ಕ್ಷಮೆ ಕೇಳುವುದು ಬೇಡ, ಮನೆಯ ಕಷ್ಟವನ್ನು ವಿವರಿಸುವುದೂ ಬೇಡ. ಹಳೆಯ ದರ, ಹೊಸ ದರ, ತಾರೀಖು, ಈಗಾಗಲೇ ಒಪ್ಪಿಕೊಂಡ ಕೆಲಸ ಹಳೆಯ ದರದಲ್ಲಿಯೇ ಮುಗಿಯುವುದೆಂಬ ಭರವಸೆ, ಇಷ್ಟು ಸಾಕು.